ಮೊದಲನೇ ಸಾಕು

ಬಸವಲಿಂಗ ಬಡಿಸಲು ನಿಂತ ಪಂಕ್ತಿಯಲ್ಲಿ ಒಂದೇ ಹೋಳಿಗೆ ತಿಂದು ಎದ್ದವರು ಪುಣೆಯ ಕನ್ನಡಿಗರಲ್ಲಿ ಯಾರೂ ಇರಲಿಲ್ಲ. ಇದೇನು ಸಣ್ಣ ಮಾತಲ್ಲ. ನಮ್ಮ ಕಡೆ ಊಟಕ್ಕೆ ಕೂತವರು ಸಾಕು ಅನ್ನಬೇಕು, ಬಡಿಸುವವರು ಅದನ್ನು ಕಿವಿಗೆ ಹಾಕಿಕೊಳ್ಳಬಾರದು. ಮೊದಲನೇ ಸಾಕಿಗೇ ಬುಟ್ಟಿ ಎತ್ತಿಕೊಂಡು ಮುಂದೆ ನಡೆದರೆ ಬೀಗರು ಊರಿಗೆ ಹೋಗಿ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಈ ವಿದ್ಯೆ ಬಸವಲಿಂಗನಿಗೆ ತಾಯಿ ನಾಗವ್ವನಿಂದ ಬಂದದ್ದು. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದವರ ಬೆರಳ ಸಂದಿಯಿಂದ ತುಪ್ಪ ಇಳಿಸುವುದು, “ಅಲ್ನೋಡ್ರಿ, ನಿಮ್ಮ ಅಳಿಯಾ ಬಂದ” ಎಂದು ಅತ್ತ ನೋಡಿಸಿ ಇತ್ತ ಹೋಳಿಗೆ ಜಾರಿಸುವುದು, ಸಕ್ಕರೆ ಕಾಯಿಲೆ ಎಂದವರಿಗೆ “ಇದು ಬೆಲ್ಲದ್ದೈತ್ರಿ, ಸಕ್ರೀದಲ್ಲ” ಎಂದು ಸಮಾಧಾನ ಹೇಳುವುದು, ಎಲ್ಲ ಅವನಿಗೆ ಕರಗತವಾಗಿತ್ತು. ಯಾರದೇ ಮನೆಯ ಕಾರ್ಯವಿರಲಿ, ಅಡುಗೆಯವರನ್ನು ಗೊತ್ತುಮಾಡುವ ಮೊದಲೇ ಬಸವಲಿಂಗನಿಗೆ ಹೇಳಿ ಕಳಿಸುತ್ತಿದ್ದರು.

ಹೊಟ್ಟೆಪಾಡಿಗೆ ಅವನದು ಬಟ್ಟೆಯ ವ್ಯಾಪಾರ. ಪುಣೆಯ ರವಿವಾರ ಪೇಠೆ ಎಂಬ ಬಡಾವಣೆಯಲ್ಲಿ ಅಂಗಡಿ. ಗುಳೇದಗುಡ್ಡದ ಖಣ, ಇಳಕಲ್ಲಿನ ಸೀರೆ, ಸೊಲ್ಲಾಪುರದ ಚಾದರ, ಒಂದು ಮೂಲೆಯಲ್ಲಿ ಕರಿಯ ಕಂಬಳಿಗಳ ಅಟ್ಟಿ. ಕಣ್ಣು ಮುಚ್ಚಿಕೊಂಡು ಎರಡು ಬೆರಳಿನ ನಡುವೆ ಉಜ್ಜಿ, ಇದು ಕೈಮಗ್ಗದ್ದು, ಇದು ಪವರ್‌ಲೂಮ್, ಇದಕ್ಕೆ ಸುಳ್ಳು ರೇಷ್ಮೆ ಬೆರೆಸಿದ್ದಾರೆ ಎಂದು ಹೇಳಬಲ್ಲವನು. ಮನೆ ಕೋಥರೂಡದ ಒಂದು ಸೊಸೈಟಿಯಲ್ಲಿ. ಹೆಂಡತಿ ಶೀತಲ್ ಮಗರಪಟ್ಟಾದ ಕಂಪನಿಯೊಂದರಲ್ಲಿ ಅಕೌಂಟ್ಸ್ ನೋಡುತ್ತಿದ್ದಳು. ಅವಳದು ವಿಜಾಪುರದ ಮನೆತನ, ಆದರೆ ಬೆಳೆದದ್ದೆಲ್ಲ ಪುಣೆಯಲ್ಲಿ. ಹೀಗಾಗಿ ಅವಳಿಗೆ ಸಣ್ಣ ಸಿಟ್ಟು ಮರಾಠಿಯಲ್ಲಿ ಬರುತ್ತಿತ್ತು, ದೊಡ್ಡ ಸಿಟ್ಟು ಕನ್ನಡದಲ್ಲಿ.

ಅವರಿಬ್ಬರ ಆಟ ಶುರುವಾದದ್ದು ಎರಡು ಸಾವಿರದ ಆರನೇ ಇಸವಿಯ ಬೇಸಿಗೆಯಲ್ಲಿ, ಒಂದು ಭಾನುವಾರ ಮಧ್ಯಾಹ್ನ. ಕರೆಂಟು ಹೋಗಿತ್ತು. ಶೀತಲ್ ಬರಿಯ ನೆಲದ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು. ಪಕ್ಕದಲ್ಲಿ ಕೂತಿದ್ದ ಬಸವಲಿಂಗ ಮಾಡಲು ಬೇರೆ ಕೆಲಸವಿಲ್ಲದೆ ಖಣದ ತುಂಡೊಂದನ್ನು ಅವಳ ಮುಂಗೈ ಮೇಲೆ ಮೆಲ್ಲಗೆ ಎಳೆದು, “ಯಾವ ಅರಿವಿ, ಹೇಳು ನೋಡೂಣು” ಎಂದ. ಅವಳ ತೋಳಿನ ತುಂಬ ನವಿರೆದ್ದಿತು. “ಇನ್ನೊಮ್ಮೆ” ಎಂದಳು.

ಅಲ್ಲಿಂದ ಮುಂದೆ ಕರೆಂಟು ಇದ್ದರೂ ಹೋದರೂ ಭಾನುವಾರದ ಮಧ್ಯಾಹ್ನ ಆ ಆಟಕ್ಕೇ ಮೀಸಲು. ಅವಳ ಹಳೆಯ ನೀಲಿ ಓಢಣಿ ಕಣ್ಣುಪಟ್ಟಿಯಾಯಿತು. ಕಂಬಳಿಯ ಒರಟು ಅಂಚು, ರೇಷ್ಮೆಯ ಸೆರಗು, ದೇವರ ಜಗಲಿಯ ಮೇಲಿದ್ದ ನವಿಲುಗರಿ, ಕಟ್ಟಿಗೆಯ ಬಾಚಣಿಕೆ, ಹಿತ್ತಾಳೆ ಲೋಟದ ತಣ್ಣನೆಯ ತಳ, ಒಂದಾದ ಮೇಲೊಂದು ಅವಳ ಕತ್ತಿನ ಮೇಲೆ, ಬೆನ್ನಿನ ಮೇಲೆ, ಅಂಗಾಲಿನ ಮೇಲೆ ನಡೆದಾಡಿದವು. ಮುಂದೆ ಯಾವುದು ಬರುತ್ತದೋ ತಿಳಿಯದೆ ಕಾಯುವುದರಲ್ಲೇ ಅವಳಿಗೆ ಸುಖ. ಅವಳ ಉಸಿರು ಬದಲಾಗುವುದನ್ನು ಕೇಳುತ್ತ ಮುಂದಿನದನ್ನು ಆರಿಸುವುದರಲ್ಲಿ ಅವನಿಗೆ ಸುಖ. ಇಬ್ಬರೂ ಬಹಳ ಖುಷಿಯಾಗಿದ್ದರು. ಉಳಿದದ್ದು ಗಂಡ ಹೆಂಡತಿಯ ವಿಷಯ, ಕತೆ ಹೇಳುವವನಿಗೂ ಒಂದು ಮರ್ಯಾದೆ ಅಂತ ಇರುತ್ತದೆ.

ಇಷ್ಟು ಚೆನ್ನಾಗಿ ನಡೆದಿದ್ದ ಆಟ ಕೆಟ್ಟದ್ದು ಮಂಜುಗಡ್ಡೆಯಿಂದ. ಫ್ರಿಜ್ಜಿನಿಂದ ತೆಗೆದ ತುಂಡೊಂದನ್ನು ಬಸವಲಿಂಗ ಅವಳ ಬೆನ್ನ ಹುರಿಯ ಮೇಲೆ ಮೇಲಿಂದ ಕೆಳಗೆ ಎಳೆದ. ಶೀತಲ್ ಬಿಲ್ಲಿನಂತೆ ಬಾಗಿ ನಕ್ಕಳು. ಎರಡನೇ ಸಲ ಎಳೆದಾಗ “ಸಾಕು” ಎಂದಳು, ನಗುತ್ತಲೇ. “ಇಷ್ಟ, ಇನ್ನೊಂದ ಚೂರು” ಎಂದು ಅವನು ಮತ್ತೆ ಎಳೆದ. “ಸಾಕು ಅಂದೆ” ಎಂದಳು. ಈಗ ಅದರಲ್ಲಿ ನಗುವಿರಲಿಲ್ಲ. ಆದರೆ ಬಸವಲಿಂಗನ ಕಿವಿಗೆ ಅದು ಪಂಕ್ತಿಯ ಎರಡನೇ ಸಾಕಿನಂತೆ ಕೇಳಿಸಿತು, ಕೈ ತನ್ನಷ್ಟಕ್ಕೇ ಮುಂದೆ ಹೋಯಿತು.

ಶೀತಲ್ ಎದ್ದು ಕೂತು ಕಣ್ಣಿನ ಓಢಣಿ ಬಿಚ್ಚಿದಳು. ಕೂಗಾಡಲಿಲ್ಲ. ಅದನ್ನು ನಾಲ್ಕು ಮಡಿಕೆ ಮಾಡಿ ತಿಜೋರಿಯಲ್ಲಿಟ್ಟು ಕೀಲಿ ತಿರುಗಿಸಿದಳು.

“ಯಾಕ, ಏನಾತು?” ಎಂದ ಬಸವಲಿಂಗ. ಕೈಯಲ್ಲಿ ಮಂಜು ಕರಗಿ ಮೊಣಕೈತನಕ ಇಳಿಯುತ್ತಿತ್ತು.

“ಸಾಕು ಅಂದೆ. ನೀವು ನಿಲ್ಲಲಿಲ್ಲ.”

“ನೀ ನಗಾಕತ್ತಿದ್ದೆಲ್ಲ.”

“ನಕ್ಕೇ ಹೇಳಿದೆ, ಆಮ್ಯಾಲ ನಗದೇನೂ ಹೇಳಿದೆ. ಕಣ್ಣು ಕಟ್ಟಿಸ್ಕೊಂಡ ಮ್ಯಾಲ ನನ್ನ ಕೈಯಾಗ ಉಳಿಯೂದು ಆ ಒಂದ ಮಾತು ರೀ. ಅದನ್ನೂ ನೀವು ಕೇಳಂಗಿಲ್ಲ ಅಂದ್ರ ನನಗ ಅಂಜಿಕಿ ಬರ್ತದ. ನಿಮ್ಮ ಮುಂದ ನಾ ಎಂದೂ ಅಂಜಿದ್ದಿಲ್ಲ.”

ಬಸವಲಿಂಗನಿಗೆ ನಿಜಕ್ಕೂ ಅರ್ಥವಾಗಲಿಲ್ಲ. ಪ್ರೀತಿಯಿಂದ ಒಂದಿಷ್ಟು ಹೆಚ್ಚು ಕೊಟ್ಟದ್ದು ತಪ್ಪು ಹೇಗಾದೀತು ಎನ್ನುವುದು ಅವನ ವಾದ. ಗಂಡಸರಿಗೆ ಈ ವಾದ ಬಲು ಬೇಗ ಹೊಳೆಯುತ್ತದೆ. ಶೀತಲ್ ಜಗಳ ಬೆಳೆಸಲಿಲ್ಲ. ಅಡುಗೆ, ಆಫೀಸು, ಮಾತುಕತೆ ಎಲ್ಲ ಮೊದಲಿನಂತೆಯೇ ನಡೆಯಿತು. ಭಾನುವಾರದ ಮಧ್ಯಾಹ್ನಗಳು ಮಾತ್ರ ಟೀವಿಯ ಮುಂದೆಯೇ ಕಳೆಯತೊಡಗಿದವು. ತಿಜೋರಿಯ ಮುಂದೆ ಹಾದುಹೋಗುವಾಗೆಲ್ಲ ಅವನ ಜೀವ ಚುರುಕ್ ಎನ್ನುತ್ತಿತ್ತು.

ಮಳೆಗಾಲ ಹಿಡಿದ ಮೇಲೆ ಒಂದು ದಿನ ಶೀತಲ್ ಚಹಾ ಸೋಸುತ್ತ ಹೇಳಿದಳು, “ನಾವು ಆಡೂ ಆಟಕ್ಕ ಹೆಸರದ ರೀ. ಸೆನ್ಸೇಷನ್ ಪ್ಲೇ ಅಂತಾರ. ಮೈಗೆ ಸುಖ ಕೊಡೂ ಇಂಥಾ ಬ್ಯಾರೆ ನಮೂನಿ ಆಟಕ್ಕೆಲ್ಲ ಒಟ್ಟಿಗೆ ಕಿಂಕ್ ಅಂತಾರ.”

“ಯಾರಂತಾರ?”

“ಮಂದಿ. ನಾ ಸೈಬರ್ ಕೆಫೆಗೆ ಹೋಗಿ ಓದೀನಿ. ನಮ್ಮಂಥವರು ಜಗತ್ತಿನ ತುಂಬ ಇದ್ದಾರ, ಪುಣೆದಾಗೂ ಇದ್ದಾರ. ಒಂದು ಗುಂಪದ. ಬರೂ ರವಿವಾರ ಮುಂಜಾನೆ ಕರ್ವೆ ರೋಡಿನ ಹೋಟೆಲ್ಲಿನಾಗ ಕೂಡ್ತಾರಂತ, ಬರೇ ಚಹಾ, ಮಾತು. ನಾ ಹೊಂಟೀನಿ. ನೀವು ಬರ್ತಿದ್ರ ಬರ್ರಿ.”

ಅವಳು ಒಬ್ಬಳೇ ಹೋಗುವುದನ್ನು ನೆನೆದು ಬಸವಲಿಂಗ ಹೊರಟ. ಸ್ಕೂಟರಿನ ಮೇಲೆ ದಾರಿಯುದ್ದಕ್ಕೂ ಅವನ ಕಣ್ಣ ಮುಂದೆ ಚರ್ಮದ ಕೋಟು, ಚಾಟಿ, ಕೆಂಗಣ್ಣು. ಹೋಗಿ ನೋಡಿದರೆ ಮಹಡಿಯ ಮೇಲಿನ ಉದ್ದ ಟೇಬಲ್ಲಿನ ಸುತ್ತ ಕಾಲೇಜಿನ ಮಾಸ್ತರರಂಥವರು, ಬ್ಯಾಂಕಿನವರಂಥವರು ಕೂತು ಸಿಟಿ ಬಸ್ಸು ಹೊತ್ತಿಗೆ ಬರುವುದಿಲ್ಲ ಎಂದು ಬೈಯುತ್ತ ಪೋಹೆ, ಅಂದರೆ ಒಗ್ಗರಣೆ ಅವಲಕ್ಕಿ, ತಿನ್ನುತ್ತಿದ್ದರು. ಬಸವಲಿಂಗನಿಗೆ ಸಮಾಧಾನವೂ ಆಯಿತು, ಒಳಗೊಳಗೇ ಒಂಚೂರು ನಿರಾಶೆಯೂ ಆಯಿತು.

“ಬರ್ರಿ, ಬರ್ರಿ, ಕೂಡ್ರಿ” ಎಂದಿತು ಒಂದು ಧ್ವನಿ.

ಕನ್ನಡ. ಬಸವಲಿಂಗನ ಕಾಲು ಅಲ್ಲೇ ನಿಂತವು. ಈ ಜಾಗದಲ್ಲಿ ಕನ್ನಡ ಕೇಳುವುದಕ್ಕಿಂತ ಚಾಟಿಯ ಸಪ್ಪಳ ಕೇಳುವುದೇ ಮೇಲಾಗಿತ್ತು. ಮಾತಾಡಿಸಿದವರು ಬಿಂದುಮಾಧವ, ಬಸವಲಿಂಗನ ಕೈಯ ಹೋಳಿಗೆ ಒಮ್ಮೆ ಉಂಡವರು, ಗದಗಿನವರು, ವಿಮಾ ಕಚೇರಿಯಲ್ಲಿ ನೌಕರಿ, ವಯಸ್ಸು ಐವತ್ತರ ಆಚೆ. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು.

“ಗಾಬರಿ ಆಗಬ್ಯಾಡ್ರಿ” ಎಂದರು ಅವರು. “ನೀವು ನನ್ನ ಇಲ್ಲಿ ನೋಡಿದಷ್ಟ, ನಾನೂ ನಿಮ್ಮನ್ನ ಇಲ್ಲಿ ನೋಡೀನಿ. ಲೆಕ್ಕ ಸರಿ ಆತು. ಇಲ್ಲಿಂದು ಹೊರಗ ಹೋಗಂಗಿಲ್ಲ, ಇದು ನಮ್ಮ ಮೊದಲನೇ ಕಟ್ಟಳಿ ಅದ.”

ಗುಂಪನ್ನು ನಡೆಸುತ್ತಿದ್ದವಳು ಕುಶಲ ಎಂಬ ಮರಾಠಿ ಹೆಂಗಸು. ನಡುವಯಸ್ಸಿನವಳು, ಕೋಥರೂಡದಲ್ಲೇ ಫಿಸಿಯೋಥೆರಪಿ ಕೇಂದ್ರ ಇಟ್ಟುಕೊಂಡಿದ್ದಳು. ನಗು ದೊಡ್ಡದು, ಮಾತು ಚಿಕ್ಕದು. ಬಂದವರಿಗೆಲ್ಲ ತಾನೇ ಪೋಹೆ ಹಾಕಿಕೊಟ್ಟಳು. ಬಸವಲಿಂಗನ ತಟ್ಟೆ ಖಾಲಿಯಾದಾಗ ಪಾತ್ರೆ ತಂದು, “ಇನ್ನಷ್ಟು?” ಎಂದು ಮರಾಠಿಯಲ್ಲಿ ಕೇಳಿದಳು. ಬಸವಲಿಂಗ ತಟ್ಟೆಗೆ ಕೈ ಅಡ್ಡ ಹಿಡಿದು “ಸಾಕು, ಸಾಕು” ಎಂದ. ಅವಳು “ಸರಿ” ಎಂದು ಪಾತ್ರೆ ಎತ್ತಿಕೊಂಡು ಹೊರಟೇಹೋದಳು.

ಬಸವಲಿಂಗ ಅಡ್ಡ ಹಿಡಿದ ಕೈ ಹಾಗೇ ಉಳಿಯಿತು. ಹೊಟ್ಟೆ ಅರ್ಧವೂ ತುಂಬಿರಲಿಲ್ಲ. ಪೋಹೆ ರುಚಿಯಾಗಿತ್ತು. ಪಾತ್ರೆ ಟೇಬಲ್ಲಿನ ಆ ತುದಿಯಲ್ಲಿ ಕಾಣುತ್ತಿತ್ತು, ಆದರೆ ಒಮ್ಮೆ ಸಾಕು ಅಂದವನು ಮತ್ತೆ ಬೇಕು ಅನ್ನುವುದು ಹೇಗೆ? ಜೀವಮಾನದಲ್ಲಿ ಅವನು ಎರಡನೇ ಸಲ ಕೇಳಿ ಹಾಕಿಸಿಕೊಂಡವನಲ್ಲ. ಕೇಳುವ ಪ್ರಸಂಗವೇ ಬಂದಿರಲಿಲ್ಲ. ಮನೆಗೆ ಹೋಗುವಾಗ “ಮಂದಿ ಚಲೋ ಅದಾರ, ಆದ್ರ ಉಪಚಾರ ಗೊತ್ತಿಲ್ಲ” ಎಂದು ಗೊಣಗಿದ. ಹಿಂದೆ ಕೂತಿದ್ದ ಶೀತಲ್ ಯಾವುದೋ ಹಾಡು ಗುನುಗುತ್ತಿದ್ದಳು. ತನ್ನಂಥವರು ಇನ್ನೂ ಇದ್ದಾರೆ, ಅವರೂ ಬಸ್ಸಿಗೆ ಬೈಯುತ್ತಾರೆ ಎನ್ನುವುದೇ ಅವಳಿಗೆ ಹಬ್ಬವಾಗಿತ್ತು.

ಕೆಲವು ವಾರಗಳ ನಂತರ ಕುಶಲ ಹೊಸಬರಿಗಾಗಿ ತನ್ನ ಮನೆಯಲ್ಲಿ ಒಂದು ಅಭ್ಯಾಸ ಇಟ್ಟಳು. ಹಾಡುಹಗಲು, ಎಲ್ಲರೂ ಮೈತುಂಬ ಬಟ್ಟೆ ಹಾಕಿಕೊಂಡು ಚಾಪೆಯ ಮೇಲೆ ಕೂತದ್ದು. ಒಬ್ಬರು ಮುಂಗೈ ಚಾಚಬೇಕು, ಇನ್ನೊಬ್ಬರು ಅದರ ಮೇಲೆ ಏನಾದರೂ ಆಡಿಸಬೇಕು. ಚಾಚಿದವರು ಸಾಕು ಎಂದ ಕ್ಷಣ ಕೈ ಮೇಲೆತ್ತಬೇಕು, ಅಷ್ಟೇ ಪಾಠ. ಅದಕ್ಕೂ ಮೊದಲು ಏನು ಬೇಕು, ಏನು ಬೇಡ ಎಂದು ಕೇಳಿ ತಿಳಿಯಬೇಕು.

ಬಸವಲಿಂಗ ಅಂಗಡಿಯಿಂದ ಬಟ್ಟೆಯ ತುಂಡುಗಳ ಒಂದು ಗಂಟನ್ನೇ ತಂದಿದ್ದ. ಅದನ್ನು ಬಿಚ್ಚಿದಾಗ ಎಲ್ಲರೂ ಸುತ್ತ ನೆರೆದರು. ಕಂಬಳಿಗೂ ಖಣಕ್ಕೂ ಚರ್ಮದ ಮೇಲೆ ಆಗುವ ವ್ಯತ್ಯಾಸ, ನೆನೆಸಿ ಹಿಂಡಿದ ತೆಳು ಮಲ್ ಬಟ್ಟೆ ಹೇಗೆ ಹತ್ತುತ್ತದೆ, ರೇಷ್ಮೆಯನ್ನು ಉಲ್ಟಾ ಎಳೆದರೆ ಏನಾಗುತ್ತದೆ, ಅವನು ವಿವರಿಸುವಾಗ ಕುಶಲ ಕೂಡ ಬೆರಗಿನಿಂದ ಕೇಳಿದಳು. ಬಸವಲಿಂಗ ಉಬ್ಬಿಹೋದ. ಬಿಂದುಮಾಧವರಂತೂ ಕಂಬಳಿಯ ಒಂದು ತುಂಡನ್ನು ಬಿಡಲೇ ಇಲ್ಲ.

ಆಮೇಲೆ ಶೀತಲ್ ಮುಂಗೈ ಚಾಚಿದಳು. ಬಸವಲಿಂಗ ಖಣ ಆಡಿಸಿದ. ಅವಳು “ಸಾಕು” ಎಂದಳು. ಅವನು ಇನ್ನೊಂದು ಸಲ ಎಳೆದು ಎತ್ತಿದ.

“ಇನ್ನೊಮ್ಮೆ ಮಾಡಿ” ಎಂದಳು ಕುಶಲ.

ಇನ್ನೊಮ್ಮೆಯೂ ಹಾಗೇ. ಮತ್ತೊಮ್ಮೆಯೂ ಹಾಗೇ. ನಿಲ್ಲಿಸಬೇಕೆಂದು ಮನಸ್ಸಿನಲ್ಲಿ ಇದೆ, ಸಾಕು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ ಕೈ “ಇದೊಂದು” ಎಂದು ಮುಂದೆ ಹೋಗುತ್ತದೆ. ಸುತ್ತ ಕೂತವರು ನಕ್ಕರು. ಬಸವಲಿಂಗನೂ ನಗಲು ನೋಡಿದ. ಶೀತಲ್ ನಗಲಿಲ್ಲ ಎನ್ನುವುದು ಕಂಡು ಅವನ ಮುಖ ಸಣ್ಣದಾಯಿತು.

ರೋಗ ಯಾವುದೆಂದು ಹಿಡಿದು ಹೇಳಿದವರು ಬಿಂದುಮಾಧವ. “ಕುಶಲ ಅವರೇ, ಇದು ಇವರ ಕೈದೋಷ ಅಲ್ಲ, ಸೌಟಿನ ದೋಷ” ಎಂದು ಮರಾಠಿಯಲ್ಲಿ ನಮ್ಮ ಕಡೆಯ ಪಂಕ್ತಿಯ ಪದ್ಧತಿಯನ್ನು ವಿವರಿಸಿದರು. “ನಮ್ಮಲ್ಲಿ ಸಾಕು ಅಂದವರನ್ನು ನಂಬುವುದೇ ಅಪಮಾನ. ಇವರು ಅದರಲ್ಲಿ ಪುಣೆಗೇ ಪ್ರಖ್ಯಾತರು.”

ಕುಶಲ ಯೋಚಿಸಿ ಹೇಳಿದಳು, “ಹಾಗಾದರೆ ಸುಲಭ. ಬೇರೆ ಯಾವುದಾದರೂ ಶಬ್ದ ಇಟ್ಟುಕೊಳ್ಳಿ. ತುಂಬ ಜನ ಹಾಗೇ ಮಾಡುತ್ತಾರೆ. ಸಂಬಂಧವಿಲ್ಲದ ಶಬ್ದ ಆದಷ್ಟೂ ಒಳ್ಳೆಯದು.”

“ಕಾತ್ರಜ ಇಟ್ಕೋರಿ” ಎಂದರು ಬಿಂದುಮಾಧವ. “ಕಾತ್ರಜ ಬಂತಂದ್ರ ಪುಣೆ ಮುಗೀತು. ಮುಂದ ಊರ ದಾರಿ.”

ಎಲ್ಲರಿಗೂ ಹಿಡಿಸಿತು. ಬಸವಲಿಂಗನಿಗಂತೂ ಹೋದ ಜೀವ ಬಂದಂತಾಯಿತು. ಆದರೆ ಶೀತಲ್ ಚಾಚಿದ ಕೈ ಹಿಂದೆ ತೆಗೆದುಕೊಂಡಳು.

“ಬ್ಯಾಡ” ಎಂದಳು. “ಬೇರೆಯವರು ಇಟ್ಕೊಳ್ಳಲಿ, ಅವರಿಗೆ ಬೇಕಾದ್ದು. ನನಗ ಸಾಕು ಅಂದ್ರ ಸಾಕು. ನಾ ಹುಟ್ಟಿದಾಗಿಂದ ಆಡೂ ಭಾಷಾದಾಗ, ನನ್ನ ಗಂಡಗ ಸಾಕು ಅಂತ ತಿಳಿಸಾಕ ಒಂದು ಬಸ್ ಸ್ಟ್ಯಾಂಡಿನ ಹೆಸರು ಹೇಳಬೇಕೇನು?”

ಕುಶಲ ಅವಳ ಭುಜ ಮುಟ್ಟಲು ಕೈ ಚಾಚಿ, ಮೊದಲು ಕಣ್ಣಲ್ಲೇ ಕೇಳಿ, ಅವಳು ತಲೆಯಾಡಿಸಿದ ಮೇಲೆ ಮುಟ್ಟಿದಳು. ಬಸವಲಿಂಗ ಅದನ್ನು ನೋಡಿದ. ಮನೆಗೆ ಬಂದ ಮೇಲೆ ಅವನು ವಾದ ಮಾಡಲಿಲ್ಲ. ಆ ಓಢಣಿ ತಿಜೋರಿಯಿಂದ ಹೊರಬರದಿದ್ದರೆ ಬರೀ ಆಟ ಹೋದಂತಲ್ಲ, ಶೀತಲ್ ತನ್ನ ಮುಂದೆ ಕಣ್ಣು ಮುಚ್ಚುವುದೇ ಹೋದಂತೆ ಎನ್ನುವುದು ಅವನಿಗೆ ಅಂದು ತಿಳಿಯಿತು. ತಿಳಿದು ಅಳು ಬಂದಂತಾಯಿತು.

ದಸರೆ ಕಳೆದ ಮೇಲೆ ಅವನ ಕಾಕಾನ ಮಗ ಗುರಣ್ಣ ಮಗರಪಟ್ಟಾದಲ್ಲಿ ಕೊಂಡ ಹೊಸ ಫ್ಲ್ಯಾಟಿನ ಗೃಹಪ್ರವೇಶ ಬಂತು. ಕೆಳಗಿನ ಸಭಾಂಗಣದಲ್ಲಿ ಊಟ. ಊರಿನಿಂದ ಬಂದ ಬಂಧುಬಳಗ ಬೆಳಿಗ್ಗೆಯೇ ಕಾತ್ರಜಿನಲ್ಲಿ ಬಸ್ಸಿಳಿದು ರಿಕ್ಷಾ ಹಿಡಿದು ಬಂದಿತ್ತು. ಅವರಲ್ಲಿ ಹಿರಿಯಳು ಹುಲಿಗೆವ್ವ, ಗುರಣ್ಣ ಬಸವಲಿಂಗ ಇಬ್ಬರಿಗೂ ಸೋದರತ್ತೆ, ಕೊಪ್ಪಳದ ಕಡೆ ಕೊಟ್ಟ ಹೆಣ್ಣುಮಗಳು. ಇಡೀ ಬಳಗ ಅವಳ ಬಾಯಿಗೆ ಹೆದರುತ್ತಿತ್ತು. ಒಂದು ಮದುವೆಯಲ್ಲಿ ಸಾರು ತಣ್ಣಗಿತ್ತು ಎಂದು ಆಕೆ ಆಡಿದ ಮಾತು ಮದುಮಕ್ಕಳಿಗೆ ಮಕ್ಕಳಾದ ಮೇಲೂ ಚಾಲ್ತಿಯಲ್ಲಿತ್ತು.

“ಬಸವಲಿಂಗಾ, ಮರ್ಯಾದಿ ನಿನ್ನ ಕೈಯಾಗೈತಿ ನೋಡಪಾ” ಎಂದು ಗುರಣ್ಣ ಹೋಳಿಗೆಯ ಬುಟ್ಟಿಯನ್ನು ಬಸವಲಿಂಗನ ಕೈಗಿಟ್ಟ.

ಪಂಕ್ತಿ ಕೂತಿತು. ಬಸವಲಿಂಗ ಮೊದಲಿನ ಎಲೆಗೆ ಒಂದು ಹೋಳಿಗೆ ಹಾಕಿ ಎರಡನೆಯದನ್ನು ಎತ್ತಿದ. ಎಲೆಯ ಮುಂದಿದ್ದವರು ಸದಾನಂದ ಎಂಬ ದಪ್ಪ ವ್ಯಾಪಾರಿ. ಅವರು ಪದ್ಧತಿಯಂತೆ ಕೈ ಅಡ್ಡ ಹಿಡಿದು, ಪದ್ಧತಿಯಂತೆ “ಸಾಕ್ರಿ” ಎಂದರು. ಬಸವಲಿಂಗನ ಕೈ ಪದ್ಧತಿಯಂತೆ ಮುಂದೆ ಹೋಯಿತು.

ಹೋಗಿ, ಅರ್ಧ ದಾರಿಯಲ್ಲಿ ನಿಂತಿತು. ಹೆಣ್ಣುಮಕ್ಕಳ ಸಾಲಿಗೆ ಪಲ್ಯ ಬಡಿಸುತ್ತಿದ್ದ ಶೀತಲ್ ಅವನ ಕಣ್ಣಿಗೆ ಬಿದ್ದಿದ್ದಳು. ಅವಳು ಇತ್ತ ನೋಡುತ್ತಲೂ ಇರಲಿಲ್ಲ. ಸೌಟಿನಲ್ಲಿ ಕಲಿತದ್ದನ್ನು ಸೌಟಿನಲ್ಲೇ ಮರೆಯಬೇಕು ಎನ್ನುವುದು ಅವನಿಗೆ ಆ ಗಳಿಗೆಯಲ್ಲಿ ಹೊಳೆಯಿತು. ಎತ್ತಿದ ಹೋಳಿಗೆಯನ್ನು ತಿರುಗಿ ಬುಟ್ಟಿಗಿಟ್ಟು, “ಆತ್ರಿ” ಎಂದು ಮುಂದಿನ ಎಲೆಗೆ ನಡೆದ. ಜನ್ಮದಲ್ಲಿ ಅಷ್ಟು ಭಾರದ ಹೋಳಿಗೆಯನ್ನು ಅವನು ಎತ್ತಿರಲಿಲ್ಲ.

ಸದಾನಂದ ಅಡ್ಡ ಹಿಡಿದ ಕೈ ಹಾಗೇ ಇತ್ತು. ಕಣ್ಣು ಬುಟ್ಟಿಯ ಬೆನ್ನು ಹತ್ತಿ ಹೋಯಿತು. ಎರಡನೆಯವರು ಸಾಕು ಎಂದರು, ನಿಲ್ಲಿಸಿದ. ಮೂರನೆಯವರು ಸಾಕು ಅನ್ನಬೇಕೋ ಬೇಡವೋ ತಿಳಿಯದೆ ಅಕ್ಕಪಕ್ಕ ನೋಡಿದರು. ಪಂಕ್ತಿಯ ತುಂಬ ಪಿಸುಮಾತು ಎದ್ದಿತು. ಗುರಣ್ಣ ಓಡಿಬಂದು ಅವನನ್ನು ಕಂಬದ ಹಿಂದಕ್ಕೆ ಎಳೆದ.

“ಏನ ಹಚ್ಚಿ? ಹೋಳಿಗಿ ಕಡಿಮಿ ಬಿದ್ದಾವೇನು? ಒಳಗ ಇನ್ನೂ ದೊಡ್ಡ ಡಬರಿ ತುಂಬೈತಿ.”

“ಅವರು ಸಾಕಂದ್ರು.”

“ಸಾಕಂತ ಎಲ್ಲಾರೂ ಅಂತಾರ. ಸಾಕಂದ್ರ ಹಾಕಂತ ತಿಳೀಬೇಕು. ನಿನಗ ನಾ ಹೇಳಿಕೊಡಬೇಕೇನು?”

“ಬೇಕಾದ್ರ ಕೇಳ್ತಾರ, ಗುರಣ್ಣ. ಕೇಳಿದ್ರ ನಾ ಹತ್ತ ಹಾಕ್ತೀನಿ” ಎಂದು ಬಸವಲಿಂಗ ಬುಟ್ಟಿ ಬಿಡಿಸಿಕೊಂಡು ಹೆಣ್ಣುಮಕ್ಕಳ ಸಾಲಿಗೆ ನಡೆದ. ಇಷ್ಟು ವರ್ಷ ಕಟ್ಟಿದ ಹೆಸರು ಒಂದೇ ಪಂಕ್ತಿಯಲ್ಲಿ ನೀರುಪಾಲಾಗುವುದು ಅವನಿಗೂ ಕಾಣುತ್ತಿತ್ತು. ಆದರೂ ನಡೆದ.

ಸಾಲಿನ ತುದಿಯಲ್ಲಿ ಹುಲಿಗೆವ್ವ ಕೂತಿದ್ದಳು. ಎಲೆಯ ಮೇಲೆ ಮೊದಲು ಹಾಕಿದ ಹೋಳಿಗೆಯ ಒಂದು ಚೂರಷ್ಟೇ ಉಳಿದಿತ್ತು. ಬಸವಲಿಂಗ ಬಾಗಿ, “ಅತ್ತಿ, ಹಾಕಲೇನು?” ಎಂದು ಕೇಳಿದ. ಹಾಗೆ ಕೇಳಿದ್ದೇ ಒಂದು ಅನಾಚಾರ. ಪಕ್ಕದವರು ತುತ್ತು ನಿಲ್ಲಿಸಿದರು.

“ಸಾಕು” ಎಂದಳು ಮುದುಕಿ.

ಬಸವಲಿಂಗ ನೆಟ್ಟಗಾಗಿ ಬುಟ್ಟಿ ಹಿಂದಕ್ಕೆ ತೆಗೆದುಕೊಂಡ.

ಹುಲಿಗೆವ್ವ ತಲೆಯೆತ್ತಿ ಅವನ ಮುಖ ನೋಡಿದಳು. ಗುರಣ್ಣ ಕೈಯಲ್ಲಿ ನಾಲ್ಕು ಹೋಳಿಗೆ ಹಿಡಿದು, “ತಪ್ಪಾತು ಅತ್ತಿ, ಇವಗ ಇವತ್ತ ತಲಿ ಕೆಟ್ಟೈತಿ” ಎಂದು ಓಡಿಬಂದ. ಮುದುಕಿ ಅವನತ್ತ ಬೆರಳು ಎತ್ತಿದಳು.

“ನೀ ಅಲ್ಲೇ ನಿಂದರು” ಎಂದಳು. ಆಮೇಲೆ ಬಸವಲಿಂಗನಿಗೆ ಹೇಳಿದಳು, “ಕೂಡಪಾ ಇಲ್ಲೆ.”

ಅವನು ಅವಳ ಎಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತ.

“ಹನ್ನೆರಡು ವರ್ಷದ ಹುಡುಗಿ ಇದ್ದಾಗ, ನಮ್ಮಪ್ಪಗ ಸಾಲಿ ಬಿಡಸಬ್ಯಾಡ ಅಂದೆ, ಕೇಳಲಿಲ್ಲ. ಐದು ಹಡದ ಮ್ಯಾಲ ನಿಮ್ಮ ಮಾಮಾಗ ಇನ್ನ ಸಾಕು ಅಂದೆ, ನಕ್ಕ. ಇನ್ನೆರಡ ಆದ್ವು. ದವಾಖಾನ್ಯಾಗ ಸಾಕು ಅಂದೆ, ಹೊಲದಾಗ ಸಾಕು ಅಂದೆ, ಎಲಿ ಮ್ಯಾಲಂತೂ ದಿನಾ ಅಂದೆ. ಎಪ್ಪತ್ತು ದಾಟೀನಿ. ನಾ ಸಾಕು ಅಂದಾಗ ನಿಂತ ಗಂಡಸನ್ನ ಇವತ್ತ ನೋಡಿದೆ ನೋಡು.” ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. ಧ್ವನಿ ಜೋರಾಗಿರಲಿಲ್ಲ, ಅಳುವೂ ಇರಲಿಲ್ಲ. ಆದರೆ ಪಕ್ಕದ ಹೆಂಗಸರು ಎಲೆ ನೋಡುತ್ತ ಕೂತರು. “ಹೊಟ್ಟೀನೂ ಹಗರ ಆತು, ಜೀವಾನೂ ಹಗರ ಆತು.”

ಬಸವಲಿಂಗ ಕಣ್ಣು ತುಂಬಿಬಂದದ್ದನ್ನು ಮರೆಮಾಡಲು ಎದ್ದು ಹೊರಟ. ಎರಡು ಹೆಜ್ಜೆ ಹಾಕುವುದರಲ್ಲಿ ಮುದುಕಿ ಕರೆದಳು.

“ಎಲ್ಲಿ ಹೊಂಟಿ? ಈಗ ಅರ್ಧ ತಿನಬೇಕನಿಸೈತಿ. ಅರ್ಧ ಹಾಕು. ತುಪ್ಪ ಇರಲಿ.”

ಬಸವಲಿಂಗ ಒಂದು ಹೋಳಿಗೆ ತೆಗೆದು, ನಡುವೆ ಮುರಿದು, ಅರ್ಧವನ್ನಷ್ಟೇ ಹಾಕಿದ. ಗಂಡಸರ ಸಾಲಿನಲ್ಲಿ ಸದಾನಂದ ಇಷ್ಟು ಹೊತ್ತು ಕಾದಿದ್ದರು. ಈಗ ಗಂಟಲು ಸರಿಮಾಡಿಕೊಂಡು, “ನನಗೂ ಎರಡು ಬೇಕ್ರಿ” ಎಂದರು. ಎಲ್ಲರೂ ಗೊಳ್ಳೆಂದು ನಕ್ಕರು. ಆಮೇಲೆ ಬೇಕು ಬೇಕು ಎನ್ನುವವರ ಗದ್ದಲದಲ್ಲಿ ಒಳಗಿನ ಡಬರಿಯೂ ಖಾಲಿಯಾಯಿತು. ಗುರಣ್ಣನಿಗೆ ಇದು ಮಾನವೋ ಅಪಮಾನವೋ ಕೊನೆಗೂ ತಿಳಿಯಲಿಲ್ಲ. ಪಲ್ಯದ ಪಾತ್ರೆ ಹಿಡಿದು ನಿಂತಿದ್ದ ಶೀತಲ್ ಮಾತ್ರ ಆ ಸಾಲಿನ ಉಳಿದವರಿಗೆ ಪಲ್ಯ ಬಡಿಸುವುದನ್ನೇ ಮರೆತಿದ್ದಳು.

ಮುಂದಿನ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಟೀವಿ ಹಚ್ಚಲು ಹೋದ ಬಸವಲಿಂಗನಿಗೆ ತಿಜೋರಿಯ ಕೀಲಿಯ ಸಪ್ಪಳ ಕೇಳಿಸಿತು. ಶೀತಲ್ ಓಢಣಿಯನ್ನು ಅವನ ಕೈಗಿಟ್ಟು, ಬೆನ್ನು ತಿರುಗಿಸಿ ಕೂತಳು. ಅವನು ಕಟ್ಟಿದ. ಏನು ಬೇಕು ಎಂದು ಕೇಳಿದ. ಅವಳು ಹೇಳಿದಳು. ಖಣ ಆಯಿತು, ಗರಿ ಆಯಿತು, ಕಂಬಳಿ ಆಯಿತು, ಕೊನೆಗೆ ಅವಳೇ ಕೇಳಿ ಮಂಜುಗಡ್ಡೆ ತರಿಸಿದಳು. ಬೆನ್ನಿನ ನಡುವಿಗೆ ಬಂದಾಗ “ಸಾಕು” ಎಂದಳು, ನಗುತ್ತಲೇ.

ಕೈ ಮೇಲೆದ್ದಿತು. ಮಂಜಿನ ಒಂದು ಹನಿಯೂ ಅವಳ ಮೇಲೆ ಬೀಳದಂತೆ ಬಸವಲಿಂಗ ಇನ್ನೊಂದು ಅಂಗೈ ಕೆಳಗೆ ಒಡ್ಡಿದ. ಶೀತಲ್ ಕಣ್ಣು ಕಟ್ಟಿದಂತೆಯೇ ಸುಮ್ಮನೆ ಮಲಗಿದ್ದಳು. ಅವಳ ಉಸಿರು ನೀಳವಾಯಿತು, ಮೈಯೆಲ್ಲ ಸಡಿಲಾಯಿತು. ಬಹಳ ಹೊತ್ತಿನ ಮೇಲೆ, “ಈಗ ಇನ್ನಷ್ಟು” ಎಂದಳು.

ಆಮೇಲೆ ಎದ್ದು ಓಢಣಿ ಬಿಚ್ಚಿ, “ಈಗ ನಿಮ್ಮ ಪಾಳಿ” ಎಂದಳು.

ಬಸವಲಿಂಗ ಎಂದೂ ಈ ಕಡೆ ಕೂತವನಲ್ಲ. ಬ್ಯಾಡ ಎನ್ನಲು ಹೋಗಿ, ಹೂಂ ಎಂದ. ಕಣ್ಣ ಮೇಲೆ ಓಢಣಿ ಬಿದ್ದದ್ದೇ ಜಗತ್ತು ಚರ್ಮದಷ್ಟೇ ಆಯಿತು. ನವಿಲುಗರಿ ಅವನ ಕಿವಿಯ ಹಿಂದಿನಿಂದ ಹೊರಟು ಕತ್ತಿನ ಮೇಲೆ ಇಳಿಯಿತು, ಭುಜದ ಅಂಚಿಗೆ ಬಂತು. ಇಂಥದೊಂದು ಹಿತ ತನ್ನ ಮೈಯಲ್ಲೇ ಇತ್ತೆಂದು ಅವನಿಗೆ ಗೊತ್ತಿರಲಿಲ್ಲ. ನಾಚಿಕೆಯಾಗಿ, ಅಭ್ಯಾಸಬಲದಿಂದ, “ಸಾಕು, ಸಾಕು” ಎಂದ.

ಗರಿ ಸರಿಯಿತು. ಶೀತಲ್ ಅದನ್ನು ನೆಲದ ಮೇಲಿಟ್ಟ ಸಪ್ಪಳ ಕೇಳಿತು. ಅವಳು ಏನೂ ಹೇಳಲಿಲ್ಲ, ಮುಟ್ಟಲೂ ಇಲ್ಲ. ಕರ್ವೆ ರೋಡಿನ ಹೋಟೆಲ್ಲಿನಲ್ಲಿ ದೂರ ಹೋದ ಪೋಹೆಯ ಪಾತ್ರೆ ಬಸವಲಿಂಗನಿಗೆ ನೆನಪಾಯಿತು. ಹೊರಗೆ ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಹೊಡೆಯುತ್ತ ಹೋಯಿತು. ಅವನು ಕಾದ. ಉಪಚಾರ ಬರಲಿಲ್ಲ. ಅವಳು ಅಲ್ಲೇ ಕೂತಿದ್ದಾಳೆ, ಅವನ ಮಾತಿಗಾಗಿ ಕಾಯುತ್ತಿದ್ದಾಳೆ ಎನ್ನುವುದು ಮಾತ್ರ ಅವಳ ಉಸಿರಿನಿಂದ ತಿಳಿಯುತ್ತಿತ್ತು.

ಬಸವಲಿಂಗ ಎರಡು ಸಲ ಬಾಯಿ ತೆರೆದು ಮುಚ್ಚಿದ. ಮೂರನೇ ಸಲ, ಹುಟ್ಟಿದಾಗಿಂದ ಯಾರ ಮುಂದೆಯೂ ಆಡದ ಮಾತನ್ನು ಹೆಂಡತಿಯ ಮುಂದೆ ಆಡಿದ.

“ಬೇಕು” ಎಂದ.